ಮಂಡಿಗೆ ಹಾಕಿದ ಅಡಿಕೆ ಯಾರದ್ದು?

ನಮಸ್ಕಾರ. ಅಡಿಕೆ ಸೀಮೆಯವರು ಮತ್ತೆ ಮತ್ತೆ ಕೇಳೋ ಪ್ರಶ್ನೆ ಇದು. ಮಂಡಿಗೆ, ಅಂದ್ರೆ ಅಡಿಕೆ ಮಾರಿಕೊಡೋ ದಲ್ಲಾಳಿ ಅಂಗಡಿಗೆ, ಅಡಿಕೆ ಹಾಕಿ ಎರಡು ತಿಂಗಳಾಯ್ತು, ಇನ್ನೂ ಮಾರಿಲ್ಲ. ಈಗ ಆ ಮೂಟೆ ನಮ್ಮದಾ, ಮಂಡಿಯವರದ್ದಾ?

ಮಾರಾಟ ಆಗೋವರೆಗೂ ನಿಮ್ಮದೇ. ಇದಕ್ಕೆ ಕನ್‌ಸೈನ್‌ಮೆಂಟ್ ಅಂತಾರೆ. ಅಂದ್ರೆ ಇಷ್ಟೇ: ಮಾಲು ನಿಮ್ಮದು, ಮಾರಿಕೊಡೋದು ಅವರು, ಮಾರಿದ ಮೇಲೆ ದುಡ್ಡು. ಪ್ರಕಾಶಕರು ಅಂಗಡಿಯಲ್ಲಿ ಪುಸ್ತಕ ಬಿಟ್ಟು ಬರೋದೂ ಇದೇ ಲೆಕ್ಕದಲ್ಲಿ.

ಶಿವಮೊಗ್ಗ, ಶಿರಸಿ, ಸಾಗರದ ಮಂಡಿಗಳಲ್ಲಿ ಮೂಟೆ ತೂಗಿ, ನಿಮ್ಮ ಹೆಸರಲ್ಲಿ ಇಳಿಸ್ಕೋತಾರೆ. ರಾಶಿ, ಬೆಟ್ಟೆ, ಸರಕು, ಗೊರಬಲು ಅಂತ ಅಡಿಕೆಯಲ್ಲಿ ನಮೂನೆಗಳಿವೆ, ಎಲ್ಲಕ್ಕೂ ಬೇರೆ ಬೇರೆ ದರ. ಟೆಂಡರ್‌ನಲ್ಲಿ ಖರೀದಿದಾರರು ದರ ಹಾಕ್ತಾರೆ. ಇಲ್ಲಿದೆ ನೋಡಿ ನನಗೆ ತುಂಬ ಇಷ್ಟವಾದ ಸಂಗತಿ: ಯಾರೋ ಎಲ್ಲರಿಗಿಂತ ಹೆಚ್ಚು ದರ ಹಾಕಿದ ಮಾತ್ರಕ್ಕೆ ಮಾರಾಟ ಮುಗೀಲಿಲ್ಲ. "ಈ ದರಕ್ಕೆ ಕೊಡಲ್ಲ" ಅಂತ ಬೆಳೆಗಾರರು ಹೇಳಬಹುದು. ಮೂಟೆ ಅಲ್ಲೇ ಇರುತ್ತೆ, ಮುಂದಿನ ಟೆಂಡರ್‌ಗೆ ಬರುತ್ತೆ. ಟೊಮೆಟೊ ತಂದವರೂ ಹಾಗನ್ನಬಹುದು, ಆದರೆ ಹಣ್ಣು ಕಾಯಬೇಕಲ್ಲ! ಸುಲಿದು, ಬೇಯಿಸಿ, ಒಣಗಿಸಿದ ಅಡಿಕೆ ತಿಂಗಳುಗಟ್ಟಲೆ ಕಾಯುತ್ತೆ. ಬೆಳೆಗಾರರಿಗೆ ಚೌಕಾಸಿ ಮಾಡೋ ತಾಕತ್ತು ಬರೋದು ಅಂಗಳದ ಆ ಬಿಸಿಲಿನಿಂದ.

ಮಾಲು ನಿಮ್ಮದು ಅಂದಮೇಲೆ ನಷ್ಟವೂ ನಿಮ್ಮದೇ. ಕಾಯ್ತಾ ಇರುವಾಗ ದರ ಬಿದ್ದರೆ ಮಂಡಿಯವರನ್ನ ಕೇಳೋ ಹಾಗಿಲ್ಲ. ಅವರ ಅಜಾಗರೂಕತೆಯಿಂದ ಮಾಲು ಹಾಳಾದರೆ ಮಾತ್ರ ಅವರು ಹೊಣೆ.

ಕೊಯ್ಲಿನ ಕೂಲಿಗೋ ಮಗಳ ಫೀಸಿಗೋ ಮಂಡಿಯಿಂದ ಮುಂಗಡ ತಗೊಂಡಿದ್ದೀರಾ? ಹಾಗಾದರೆ ಸಂಗತಿ ಬೇರೆ. 1872ರ ಭಾರತೀಯ ಕರಾರು ಕಾಯ್ದೆಯ 171ನೇ ಕಲಮಿನ ಪ್ರಕಾರ, ಬಾಕಿ ತೀರೋವರೆಗೆ ದಲ್ಲಾಳಿ ನಿಮ್ಮ ಮಾಲು ಹಿಡಿದಿಟ್ಕೋಬಹುದು. ಮೂಟೆ ನಿಮ್ಮದೇ, ಎತ್ಕೊಂಡು ಬರೋಕೆ ಮಾತ್ರ ಆಗಲ್ಲ. ಸಾಲದಲ್ಲಿರೋರ ಬಾಯಲ್ಲಿ "ಕೊಡಲ್ಲ" ಅನ್ನೋ ಮಾತು ಬರೋದೂ ಕಷ್ಟ. ಈ ಪದ್ಧತಿಯಲ್ಲಿ ಸಣ್ಣ ಹಿಡುವಳಿದಾರರು ಸೋಲೋದು ಇಲ್ಲೇ, ಇದು ನನಗೆ ನಿಜಕ್ಕೂ ಬೇಸರದ ವಿಷಯ.

ಸಮಯ ಆಗ್ತಿದೆ, ಉಳಿದದ್ದು ಬೇಗ. ದಲ್ಲಾಳಿ ನಿಮಗೆ ತಿಳಿಸದೆ ನಿಮ್ಮ ಮಾಲನ್ನ ತಾನೇ ಕೊಂಡು ಲಾಭ ಮಾಡಿದರೆ, ಅದೇ ಕಾಯ್ದೆಯ 216ನೇ ಕಲಮಿನಡಿ ಆ ಲಾಭ ಕೇಳಬಹುದು. ಲೆಕ್ಕ ಕೇಳಿದಾಗ ಕೊಡಲೇಬೇಕು, ಅದು 213ನೇ ಕಲಮು. ಮಂಡಿಯ ಮಾತು ಬಿಟ್ಟರೆ, ಅಂಗಡಿಗೆ "ಒಪ್ಪಿದರೆ ಇಟ್ಕೊಳ್ಳಿ, ಇಲ್ಲದಿದ್ರೆ ವಾಪಸ್" ಅಂತ ಮಾಲು ಕಳಿಸೋ ಜಿಎಸ್‌ಟಿ ನೋಂದಾಯಿತರು, ಮಾರಾಟ ಆಗದಿದ್ದರೂ 6 ತಿಂಗಳಿಗೆ ಬಿಲ್ ಮಾಡಬೇಕು.

ಮಾರಾಟದ ಲೆಕ್ಕದ ಪಟ್ಟಿ ಕೈಗೆ ಬಂದಾಗ ದರ, ತೂಕ ಎಲ್ಲರೂ ನೋಡ್ತಾರೆ. ಮುಂಗಡದ ಬಡ್ಡಿ ಯಾವ ತಾರೀಖಿನಿಂದ ಹಾಕಿದ್ದಾರೆ, ಪಟ್ಟಿಯಲ್ಲಿ ಅದನ್ನ ಮೊದಲು ನೋಡಿ.