ಪ್ಲಾಸ್ಟರ್ ಬಿಚ್ಚಿದ ಮೇಲೆ ಕೈಯ ಆರೈಕೆ

ಕೇಳುಗರೇ, ನಮಸ್ಕಾರ.

ಮಳೆ ಹಿಡಿದರೆ ನಮ್ಮ ಕರಾವಳಿಯಲ್ಲಿ ಅಂಗಳವೆಲ್ಲ ಪಾಚಿ. ಬಾವಿಕಟ್ಟೆಯ ಹತ್ತಿರ, ತೋಟಕ್ಕೆ ಇಳಿಯುವ ಕೆಂಪುಕಲ್ಲಿನ ಮೆಟ್ಟಿಲ ಮೇಲೆ ಕಾಲು ಜಾರುತ್ತದೆ. ಬೀಳುವಾಗ ಯಾರಾದರೂ ಕೈ ಊರಿಯೇ ಊರುತ್ತಾರೆ, ಅಲ್ವಾ? ಮೈಭಾರವೆಲ್ಲ ಅಂಗೈ ಮೇಲೆ ಬಿದ್ದು ಮಣಿಕಟ್ಟಿನ ಮೂಳೆ ಮುರಿಯುತ್ತದೆ. ಮುಟ್ಟು ನಿಂತ ಹೆಂಗಸರಲ್ಲಿ ಮೂಳೆ ಟೊಳ್ಳಾಗುತ್ತಾ ಬರುವುದರಿಂದ ಅವರಿಗೆ ಈ ಪೆಟ್ಟು ಜಾಸ್ತಿ. ಡಬ್ಲಿನ್ನಿನ ಅಬ್ರಹಾಂ ಕಾಲಿಸ್ ಎಂಬ ಸರ್ಜನ್ 1814ರಲ್ಲಿ ಇದರ ಬಗ್ಗೆ ಬರೆದರು. ಆಗ ಎಕ್ಸ್‌ರೇ ಇನ್ನೂ ಬಂದಿರಲಿಲ್ಲ. ಇವತ್ತಿಗೂ ಡಾಕ್ಟರುಗಳು ಇದನ್ನು ಕಾಲಿಸ್ ಫ್ರಾಕ್ಚರ್ ಅಂತಲೇ ಕರೆಯುತ್ತಾರೆ.

ಸಾಮಾನ್ಯವಾಗಿ ಆರು ವಾರ ಪ್ಲಾಸ್ಟರ್. ಬಿಚ್ಚಿದ ದಿನ ಮನೆಯವರಿಗೆಲ್ಲ ನಿರಾಳ. ಮೂಳೆ ಕೂಡಿತು, ಇನ್ನೇನು ಅಂತ. ಆದರೆ ವ್ಯಾಯಾಮದಿಂದ ಚಿಕಿತ್ಸೆ ಕೊಡುವ ನಮ್ಮ ಫಿಸಿಯೋಥೆರಪಿಗೆ ಬಂದು ಕೂತಾಗ ಆ ಕೈ ಗಂಜಿ ಬಟ್ಟಲನ್ನೂ ಹಿಡಿಯುವುದಿಲ್ಲ. ದೇವಸ್ಥಾನದಲ್ಲಿ ತೀರ್ಥಕ್ಕೆ ಕೈ ಚಾಚಿದರೆ ಅಂಗೈ ಮೇಲಾಗುವುದಿಲ್ಲ, ಓರೆಯಾಗಿ ನಿಲ್ಲುತ್ತದೆ. ಮುಂಗೈಯ ಎರಡು ಮೂಳೆಗಳಲ್ಲಿ ಒಂದು ಇನ್ನೊಂದರ ಸುತ್ತ ಹೊರಳಿದರೆ ಮಾತ್ರ ಅಂಗೈ ಮೇಲಾಗುವುದು. ಆ ಹೊರಳು ನಿಂತುಹೋಗಿರುತ್ತದೆ. ಕೈಯನ್ನು ಕೊರಳಿಗೆ ಜೋತುಹಾಕಿ ಕೂತವರಿಗೆ ಭುಜವೂ ಬಿಗಿದಿರುತ್ತದೆ.

ಇದರಲ್ಲಿ ಬಹುಪಾಲು ತಪ್ಪಿಸಬಹುದಾದ ತೊಂದರೆ. ಅದಕ್ಕೇ ನಾನು ಒತ್ತಿ ಹೇಳುವುದು, ಕೈಯ ಫಿಸಿಯೋಥೆರಪಿ ಶುರುವಾಗಬೇಕಾದದ್ದು ಪ್ಲಾಸ್ಟರ್ ಬಿಚ್ಚಿದ ದಿನ ಅಲ್ಲ, ಹಾಕಿದ ದಿನ. ಹೊರಗಿರುವ ಬೆರಳುಗಳನ್ನು ಪೂರ್ತಿ ಮಡಚಿ, ಪೂರ್ತಿ ಚಾಚಿ. ಎಚ್ಚರವಿರುವಷ್ಟು ಹೊತ್ತು ಗಂಟೆಗೊಮ್ಮೆ ಮಾಡಿ. ಮಲಗುವಾಗ ಕೈ ಎದೆಗಿಂತ ಎತ್ತರದಲ್ಲಿ, ದಿಂಬಿನ ಮೇಲಿರಲಿ. ಬಾವಿನ ನೀರು ಬೆರಳಲ್ಲೇ ಉಳಿದರೆ ಒಳಗಿನ ಪದರಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಹಾಗೆ ಅಂಟಿದ್ದನ್ನು ಬಿಡಿಸಲು ತಿಂಗಳುಗಟ್ಟಲೆ ಬೇಕು. ಆದರೆ ಬೆರಳು ನೀಲಿಗಟ್ಟಿದರೆ, ಜೋಮು ಏರುತ್ತಾ ಹೋದರೆ, ಬೆರಳು ಚಾಚಿದಾಗ ತಡೆಯಲಾಗದ ನೋವಾದರೆ ವ್ಯಾಯಾಮ ಮಾಡುತ್ತಾ ಕೂರಬೇಡಿ. ಕೂಡಲೇ ಆಸ್ಪತ್ರೆಗೆ ಹೋಗಿ.

ಇನ್ನೊಂದು ಮಾತು. ಕಟ್ಟು ಬಿಚ್ಚಿದ ಮೇಲೆ ಬಿಗಿದ ಕೈಗೆ ಎಣ್ಣೆ ಹಚ್ಚಿ, ಯಾರಿಂದಲೋ ಜೋರಾಗಿ ತಿಕ್ಕಿಸಿ, ಜಗ್ಗಿಸಿಕೊಂಡು ಬರುವವರಿದ್ದಾರೆ. ದಯವಿಟ್ಟು ಬೇಡ. ಜಗ್ಗಿದಷ್ಟೂ ಬಾವು ಬರುತ್ತದೆ, ಬಾವು ಬಂದಷ್ಟೂ ಬಿಗಿತ ಹೆಚ್ಚುತ್ತದೆ. ನಾವು ಬಿಸಿ ನೀರಿನಲ್ಲಿ ಕೈ ಇಳಿಬಿಟ್ಟು, ನಿಧಾನವಾಗಿ, ಸಹಿಸುವಷ್ಟೇ ಬಾಗಿಸುತ್ತೇವೆ. ಮುಟ್ಟಿದರೆ ಚುಚ್ಚಿದಂತಾಗುವ ಚರ್ಮಕ್ಕೆ ಒಂದು ಬೋಗುಣಿ ಕುಚ್ಚಲಕ್ಕಿ ಸಾಕು. ಅದರೊಳಗೆ ಕೈ ಹುದುಗಿಸಿ ಕಾಳುಗಳನ್ನು ಬೆರಳ ಸಂದಿಯಿಂದ ಜಾರಿಸುತ್ತಾ ಇದ್ದರೆ, ದಿನ ಕಳೆದಂತೆ ಆ ಚುಚ್ಚು ಇಳಿಯುತ್ತದೆ.

ಇನ್ನು ಕತ್ತಿಯ ಗಾಯ. ಮಲ್ಪೆಯಲ್ಲಿ, ಮಂಗಳೂರಿನ ಬಂದರಿನಲ್ಲಿ ಮೀನು ಕೊಯ್ಯುವವರ ಬೆರಳಿಗೆ ಇದು ಹೊಸದಲ್ಲ. ಗಾಯ ಸಣ್ಣದು, ಎರಡು ಹೊಲಿಗೆ ಹಾಕಿದರೆ ಆಯಿತು ಅಂತ ಸುಮ್ನಿರಬೇಡಿ. ಬೆರಳ ತುದಿಯನ್ನು ಮಡಚುವ ಸ್ನಾಯು ಬೆರಳಲ್ಲಿಲ್ಲ, ಮುಂಗೈಯಲ್ಲಿದೆ. ಅಲ್ಲಿಂದ ಬರುವ ಟೆಂಡನ್, ಅಂದರೆ ಸ್ನಾಯುವನ್ನು ಮೂಳೆಗೆ ಜೋಡಿಸುವ ಗಟ್ಟಿ ನಾರು, ಸೈಕಲ್ಲಿನ ಬ್ರೇಕ್ ತಂತಿಯ ಹಾಗೆ, ಕೊಳವೆಯೊಳಗೆ ಜಾರಿ ಬೆರಳನ್ನು ಎಳೆಯುತ್ತದೆ. ಗಾಯವಾದ ಮೇಲೆ ತುದಿ ಮಡಚಲು ಬಾರದಿದ್ದರೆ ಟೆಂಡನ್ ಕಡಿದಿರಬಹುದು. ತಡಮಾಡದೆ ಕೈಯ ಶಸ್ತ್ರಚಿಕಿತ್ಸೆ ಬಲ್ಲವರಿಗೆ ತೋರಿಸಬೇಕು.

ಹಿಂದೆ ಹೊಲಿದ ಟೆಂಡನ್ನನ್ನು ಅಲ್ಲಾಡದಂತೆ ವಾರಗಟ್ಟಲೆ ಕಟ್ಟಿಡುತ್ತಿದ್ದರು. ಅದು ಕೊಳವೆಗೇ ಅಂಟಿಕೊಂಡು ಬೆರಳು ಬಿಗಿದುಹೋಗುತ್ತಿತ್ತು. ಈಗ ಶಸ್ತ್ರಚಿಕಿತ್ಸೆಯಾಗಿ ಮೂರರಿಂದ ಐದು ದಿನದೊಳಗೇ, ಕೈಯ ಹಿಂಬದಿಗೆ ಸ್ಪ್ಲಿಂಟ್, ಅಂದರೆ ಆಸರೆಯ ಗಟ್ಟಿ ಪಟ್ಟಿ, ಹಾಕಿ ವ್ಯಾಯಾಮ ಶುರು ಮಾಡುತ್ತೇವೆ. ಎಷ್ಟು ಮಡಚಬೇಕು, ಯಾವ ವಾರ ಏನು ಮಾಡಬೇಕು ಎಂಬುದು ಸರ್ಜನ್ ಹಾಕಿದ ಹೊಲಿಗೆಯನ್ನು ನೋಡಿ ತೀರ್ಮಾನವಾಗುತ್ತದೆ. ನೋವು ಹೋಯಿತು ಅಂತ ಆರನೇ ವಾರಕ್ಕೇ ಕೊಡಪಾನ ಎತ್ತಿದರೆ ಹೊಲಿಗೆ ಹರಿಯಬಹುದು. ಭಾರದ ಕೆಲಸಕ್ಕೆ ಸುಮಾರು ಹನ್ನೆರಡು ವಾರ ಕಾಯಬೇಕು.

ಪೆಟ್ಟಾಗದ ಕೈ ಇದ್ದವರು ಈಗ ನನ್ನ ಜೊತೆ ಒಂದು ವ್ಯಾಯಾಮ ಮಾಡಿ. ಐದೂ ಬೆರಳು ನೇರ ಚಾಚಿ. ಹೆಬ್ಬೆರಳು ಬಿಟ್ಟು ಉಳಿದ ನಾಲ್ಕರ ಬುಡದ ಗಂಟು ನೆಟ್ಟಗೇ ಇರಲಿ, ಮೇಲಿನೆರಡು ಗಂಟು ಮಾತ್ರ ಕೊಕ್ಕೆಯ ಹಾಗೆ ಬಾಗಿಸಿ. ಮತ್ತೆ ನೇರ. ಈಗ ಪೂರ್ತಿ ಮುಷ್ಟಿ. ಮತ್ತೆ ನೇರ. ಈ ಬಾಗುಗಳಲ್ಲಿ ಬೆರಳೊಳಗಿನ ಎರಡು ಟೆಂಡನ್‌ಗಳು ಒಂದರ ಮೇಲೊಂದು ಬೇರೆ ಬೇರೆಯಾಗಿ ಜಾರುತ್ತವೆ.

ಬೀಡಿ ಕಟ್ಟುವವರಿಗೆ, ಮಲ್ಲಿಗೆ ಕಟ್ಟುವವರಿಗೆ, ಹಸುಗೂಸನ್ನು ಎತ್ತಿ ಆಡಿಸುವ ಬಾಣಂತಿಯರಿಗೆ ಬೀಳದೆಯೂ ಕೈ ಕೆಡುತ್ತದೆ. ಹೆಬ್ಬೆರಳ ಬುಡದ ಮಗ್ಗುಲಲ್ಲಿ ನೋವಿದ್ದರೆ, ಹೆಬ್ಬೆರಳನ್ನು ಅಲ್ಲಾಡದಂತೆ ಹಿಡಿಯುವ ಸ್ಪ್ಲಿಂಟ್ ಹಾಕಿ ವಿಶ್ರಾಂತಿ ಕೊಡಬೇಕು. ಮಗುವನ್ನು ಕಂಕುಳಿಗೆ ಕೈ ಹಾಕಿ ಎತ್ತುವ ಬದಲು, ಬೆನ್ನಿಗೂ ಕುಂಡೆಗೂ ಅಂಗೈ ಕೊಟ್ಟು ಎತ್ತಿ. ರಾತ್ರಿ ನಿದ್ದೆಯಿಂದ ಎಬ್ಬಿಸುವ ಜೋಮು ಹೆಬ್ಬೆರಳು, ತೋರುಬೆರಳು, ನಡುಬೆರಳಲ್ಲಿದ್ದರೆ ಮಣಿಕಟ್ಟಿನಲ್ಲಿ ನರ ಒತ್ತಿರಬಹುದು. ಮಣಿಕಟ್ಟು ನೇರವಾಗಿ ನಿಲ್ಲುವ ಪಟ್ಟಿ ಹಾಕಿ ಮಲಗಿದರೆ ಆರಂಭದಲ್ಲಿ ತುಂಬ ಜನರಿಗೆ ಆರಾಮವಾಗುತ್ತದೆ. ಹೆಬ್ಬೆರಳ ಬುಡದ ಉಬ್ಬು ಇಳಿದು ತಗ್ಗಾದಂತೆ ಕಂಡರೆ ಮಾತ್ರ ಪಟ್ಟಿ ನಂಬಿ ಕೂರಬೇಡಿ, ಅದೇ ವಾರ ಡಾಕ್ಟರಿಗೆ ತೋರಿಸಿ.

ನಮಸ್ಕಾರ.