ತಳದ ಕೆಸರನ್ನು ಚೆಲ್ಲಬೇಡಿ

ಸ್ನೇಹಿತರೇ, ಇಲ್ಲಿರುವ ಹೆಚ್ಚಿನವರು ಅಪಾರ್ಟ್‌ಮೆಂಟ್‌ಗಳ ಎಸ್‌ಟಿಪಿ, ಅಂದರೆ ಕೊಳಚೆನೀರು ಶುದ್ಧೀಕರಿಸುವ ಘಟಕ, ನಡೆಸುವವರು. ಗಾಳಿ ಊದುವ ಬ್ಲೋವರ್, ಕೊಳಚೆಗೆ ಆ ಗಾಳಿ ಸೇರಿಸುವ ಏರೇಷನ್ ತೊಟ್ಟಿಗಳ ವಿಷಯ ನಿಮಗೆ ಹೇಳಬೇಕಾಗಿಲ್ಲ. ನಾನು ಮಾತನಾಡಬೇಕೆಂದಿರುವುದು ಆ ತೊಟ್ಟಿಯೊಳಗೆ ದುಡಿಯುವ ಜೀವಿಗಳ ಬಗ್ಗೆ.

1914ರ ಮ್ಯಾಂಚೆಸ್ಟರ್. ಎಡ್ವರ್ಡ್ ಆರ್ಡರ್ನ್ ಮತ್ತು ವಿಲಿಯಂ ಲಾಕೆಟ್ ಬಾಟಲಿಗಳಲ್ಲಿ ಊರಿನ ಕೊಳಚೆ ತುಂಬಿ, ಪಾಚಿ ಬೆಳೆಯದಂತೆ ಬೆಳಕು ತಡೆದು, ಗಾಳಿ ಊದುತ್ತ ಕುಳಿತರು. ಅಮೋನಿಯ ಪೂರ್ತಿ ನೈಟ್ರೇಟ್ ಆಗಲು ಸುಮಾರು ಐದು ವಾರ ಬೇಕಾಯಿತು. ಐದು ವಾರ! ಯಾವ ಊರು ತನ್ನ ಕೊಳಚೆಯನ್ನು ಅಷ್ಟು ದಿನ ಕೂಡಿಟ್ಟುಕೊಂಡೀತು? ಅವರಿಗಿಂತ ಮೊದಲು ಗಾಳಿ ಊದಿ ನೋಡಿದವರು ಬೇಕಾದಷ್ಟು ಜನರಿದ್ದರು. ಇವರು ಬಾಟಲಿ ತೊಳೆಯಲಿಲ್ಲ. ಮೇಲಿನ ತಿಳಿನೀರನ್ನಷ್ಟೇ ಬಸಿದು, ಮೊಸರಿಗೆ ಹೆಪ್ಪು ಉಳಿಸಿಕೊಳ್ಳುವ ಹಾಗೆ ತಳದ ಕೆಸರನ್ನು ಉಳಿಸಿಕೊಂಡು, ಅದರ ಮೇಲೆ ಹೊಸ ಕೊಳಚೆ ಸುರಿದರು. ಮತ್ತೆ ಬಸಿದರು, ಮತ್ತೆ ಸುರಿದರು. ಪ್ರತಿ ಸಲವೂ ಬ್ಯಾಕ್ಟೀರಿಯ ತುಂಬಿದ ಆ ಕೆಸರು ಬೆಳೆಯಿತು, ಸಮಯ ಇಳಿಯಿತು. ಕೊನೆಗೆ ಅದೇ ಕೆಲಸ ಒಂದು ದಿನದೊಳಗೆ ಮುಗಿಯತೊಡಗಿತು. ನಿಮ್ಮ ತೊಟ್ಟಿಯಲ್ಲಿ ಇಂದು ನಡೆಯುತ್ತಿರುವುದೂ ಇದೇ.

ಈ ಪ್ರಯೋಗಕ್ಕೆ ಅವರನ್ನು ಹಚ್ಚಿದವರು ಮ್ಯಾಂಚೆಸ್ಟರ್‌ನ ರಸಾಯನವಿಜ್ಞಾನಿ ಗಿಲ್ಬರ್ಟ್ ಫೌಲರ್. ಆ ಫೌಲರ್ 1916ರಲ್ಲಿ ಎಲ್ಲಿಗೆ ಬಂದರು ಗೊತ್ತೇ? ನಮ್ಮ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿಗೆ, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಗೆ, ಪ್ರಾಧ್ಯಾಪಕರಾಗಿ! ಅದೇ ಸಂಸ್ಥೆಯ ಪಿಳ್ಳೈ ಮತ್ತು ಸುಬ್ರಹ್ಮಣ್ಯನ್ 1942ರಲ್ಲಿ ನೇಚರ್ ಪತ್ರಿಕೆಯಲ್ಲಿ, ನೀರು ತಿಳಿಯಾಗುವುದರಲ್ಲಿ ಬ್ಯಾಕ್ಟೀರಿಯಗಳಷ್ಟೇ ಅಲ್ಲ, ಪ್ರೋಟೊಜೋವ ಎಂಬ ಏಕಕೋಶ ಜೀವಿಗಳ ಪಾತ್ರವೂ ದೊಡ್ಡದು ಎಂದು ವಾದಿಸಿದರು. ಈ ಸುಬ್ರಹ್ಮಣ್ಯನ್ ಅವರೇ ಮುಂದೆ ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐಗೆ ಮೊದಲ ನಿರ್ದೇಶಕರಾದರು. ಇಂಥ ಪರಂಪರೆಯಿರುವ ಊರಿನಲ್ಲಿ ಎಷ್ಟು ಎಸ್‌ಟಿಪಿಗಳಲ್ಲಿ ಸೂಕ್ಷ್ಮದರ್ಶಕವಿದೆ? ಅಳತೆಜಾಡಿಯಲ್ಲಿ ಅರ್ಧ ಗಂಟೆ ಕೆಸರು ಇಳಿಸಿ ನೋಡುತ್ತೀರಿ, ಒಳ್ಳೆಯದು. ಎಷ್ಟು ಕೆಸರಿದೆ, ಹೇಗೆ ಇಳಿಯುತ್ತದೆ ಎಂದು ಜಾಡಿ ಹೇಳುತ್ತದೆ. ಅದರಲ್ಲಿ ಯಾರು ಬದುಕಿದ್ದಾರೆ ಎಂದು ಅದು ಹೇಳುವುದಿಲ್ಲ. ಹೂವಿನಂತೆ ತೆಳ್ಳನೆಯ ತೊಟ್ಟಿನ ಮೇಲೆ ನಿಂತು ಬ್ಯಾಕ್ಟೀರಿಯ ಮೇಯುವ ವರ್ಟಿಸೆಲ್ಲ ಎಂಬ ಪ್ರೋಟೊಜೋವ ಕಂಡರೆ ಸಮಾಧಾನಪಡಿ. ಎಳೆ ಎಳೆಯಾದ ಬ್ಯಾಕ್ಟೀರಿಯಗಳೇ ತುಂಬಿದ್ದರೆ ಕೆಸರು ಇನ್ನು ತಳಕ್ಕೆ ಕೂರುವುದಿಲ್ಲ ಎಂದು ತಿಳಿಯಿರಿ.

ಕರೆಂಟ್ ಬಿಲ್ಲಿಗೆ ಹೆದರಿ ರಾತ್ರಿಯಿಡೀ ಬ್ಲೋವರ್ ನಿಲ್ಲಿಸುವವರಿಗೆ ಒಂದು ಮಾತು. ಅಮೋನಿಯ ತಿನ್ನುವ ಬ್ಯಾಕ್ಟೀರಿಯಗಳು ಬೆಳೆಯುವುದೇ ನಿಧಾನ. ಅವನ್ನು ಕಳೆದುಕೊಂಡರೆ ಮತ್ತೆ ಬೆಳೆಸಿಕೊಳ್ಳಲು ವಾರಗಳು ಹಿಡಿಯುತ್ತವೆ. ಕೆಸರನ್ನು ಕಾಪಾಡಿ.

ಸಮಯವಾಯಿತೆಂದು ಅಧ್ಯಕ್ಷರು ಚೀಟಿ ಕಳುಹಿಸಿದ್ದಾರೆ. ಅನಾಮಾಕ್ಸ್ ಬಗ್ಗೆ ಎರಡೇ ಮಾತು. ಆಮ್ಲಜನಕವಿಲ್ಲದೆ ಅಮೋನಿಯವನ್ನು ಸಾರಜನಕ ಅನಿಲವಾಗಿಸುವ ಈ ಬ್ಯಾಕ್ಟೀರಿಯವನ್ನು ನೆದರ್‌ಲ್ಯಾಂಡ್ಸ್‌ನ ಡೆಲ್ಫ್ಟ್‌ನ ಸಂಶೋಧಕರು 1999ರಲ್ಲಿ ಗುರುತಿಸಿದರು. ಅದು ಇಮ್ಮಡಿಯಾಗಲು ಆಗ ಸಿಕ್ಕ ಲೆಕ್ಕ ಸುಮಾರು 11 ದಿನ. ರಾಟರ್‌ಡ್ಯಾಮ್‌ನಲ್ಲಿ ಮೊದಲ ದೊಡ್ಡ ರಿಯಾಕ್ಟರ್ ಪೂರ್ಣ ಸಾಮರ್ಥ್ಯಕ್ಕೆ ಬರಲು ಮೂರು ವರ್ಷಕ್ಕೂ ಹೆಚ್ಚು ಹಿಡಿಯಿತು. ಅಲ್ಲಿಯೂ ಮಾಡಿದ್ದು ಇದನ್ನೇ: ಕೆಸರನ್ನು ಚೆಲ್ಲದೆ ಕಾದರು. ಆರು ತಿಂಗಳಿಗೆ ಫಲಿತಾಂಶ ಕೇಳುವ ಅನುದಾನದಲ್ಲಿ ಇಂಥ ಕೆಲಸ ಸಾಧ್ಯವಿಲ್ಲ.

ಹೊರಗೆ ಸೂಕ್ಷ್ಮದರ್ಶಕ ಇಟ್ಟಿದ್ದೇವೆ. ತೊಟ್ಟಿಯ ಮಾದರಿ ತಂದವರು ಊಟಕ್ಕೆ ಮೊದಲೇ ಬನ್ನಿ. ಮುಚ್ಚಿದ ಬಾಟಲಿಯಲ್ಲಿ ಆಮ್ಲಜನಕ ಬೇಗ ಮುಗಿದುಹೋಗುತ್ತದೆ.