ಮೊದಲು ಆ ಕಾರ್ಬೋರೇಟರ್ ಖಾಲಿ ಮಾಡ್ರೀ!

ನಮಸ್ಕಾರ್ರೀ ಎಲ್ಲರಿಗೂ. ಇವತ್ತು ಸ್ವಲ್ಪ ಸಿಟ್ಟಿನಲ್ಲಿದ್ದೇನೆ. ಚಹಾ ಕೂಡ ಕುಡಿಯದೆ ಸೀದಾ ಕ್ಯಾಮೆರಾ ಮುಂದೆ ಬಂದು ಕೂತಿದ್ದೇನೆ.

ಕಾರ್ಬೋರೇಟರ್ ಅಂದ್ರೆ ಬೈಕಿನಲ್ಲಿ ಪೆಟ್ರೋಲಿಗೆ ಗಾಳಿ ಬೆರೆಸಿ ಇಂಜಿನ್ನಿಗೆ ಕೊಡೋ ಭಾಗ. ತಿಂಗಳುಗಟ್ಟಲೆ ಗಾಡಿ ನಿಲ್ಲಿಸೋದಾದರೆ ಅದರಲ್ಲಿರೋ ಪೆಟ್ರೋಲ್ ಖಾಲಿ ಮಾಡಿ ಅಂತ ಹೋದ ವಾರ ಹೇಳಿದ್ದೆ. ಆ ವಿಡಿಯೋ ಕೆಳಗೆ ಒಬ್ಬರು ಬರೆದಿದ್ದಾರೆ: "ಅಣ್ಣಾ, ಗಾಡಿ ನಿಲ್ಲಿಸೋ ಮುಂಚೆ ಕಾರ್ಬೋರೇಟರ್ ಖಾಲಿ ಮಾಡೋದು ಹಿಮ ಬೀಳೋ ದೇಶದವರ ಕೆಲಸ. ನಮ್ಮ ಹುಬ್ಬಳ್ಳಿಯಾಗ ಎಲ್ಲೈತಿ ಹಿಮ? ವ್ಯೂಸ್ ಸಲುವಾಗಿ ಏನರ ಹೇಳಬ್ಯಾಡ." ಅದಕ್ಕೆ ನಲವತ್ತು ಲೈಕು. ನನ್ನ ವಿಡಿಯೋಗೇ ಅಷ್ಟು ಬಂದಿಲ್ಲ, ಆ ಮಾತು ಬೇರೆ. ಈಗಲಾದರೂ ಒತ್ತಿಬಿಡಿ, ಕಾಸೇನೂ ಹೋಗಲ್ಲ.

ಅದೇ ಸಂಜೆ ಅಳಿಯನ ಫೋನು. ಅಳಿಯ ಅಂದ್ರೆ ಅಕ್ಕನ ಮಗ, ಪುಣೆಯಲ್ಲಿ ಕೆಲಸ. ದೀಪಾವಳಿಗೆ ಬಂದವನು ಹೋಗುವಾಗ ತನ್ನ ಆರ್‌ಎಕ್ಸ್ 100 ಗಾಡಿಯನ್ನು ಮನೆಯ ಮೆಟ್ಟಿಲ ಕೆಳಗೆ ನಿಲ್ಲಿಸಿ, ಮೇಲೊಂದು ಪ್ಲಾಸ್ಟಿಕ್ ಹಾಳೆ ಹೊದಿಸಿ ಹೋಗಿದ್ದ. ಏಳು ತಿಂಗಳ ಮೇಲೆ ಬಂದಿದ್ದಾನೆ.

"ಮಾಮಾ, ಗಾಡಿ ಚಾಲೂನ ಆಗವಲ್ದು. ಕಿಕ್ ಹೊಡದು ಹೊಡದು ಮೊಣಕಾಲು ಹಿಡದಾವು."

"ಹೋಗುವಾಗ ಕಾರ್ಬೋರೇಟರ್ ಖಾಲಿ ಮಾಡಿದ್ದೇನಪಾ?"

"ಇಲ್ಲ ಮಾಮಾ. ಕಾಕ್ ಬಂದ್ ಮಾಡಿದ್ನೆಲ್ಲ!"

ಕಾಕ್ ಬಂದ್ ಮಾಡಿದ್ನಂತೆ! ನಳ ಬಂದ್ ಮಾಡಿದರೆ ಬಕೆಟ್‌ನಲ್ಲಿರೋ ನೀರು ಎಲ್ಲಿ ಹೋಗುತ್ತಪ್ಪಾ? ಕಾಕ್ ಬಂದ್ ಆದರೆ ಟ್ಯಾಂಕಿನಿಂದ ಹೊಸ ಪೆಟ್ರೋಲ್ ಬರಲ್ಲ, ಅಷ್ಟೇ. ಕಾರ್ಬೋರೇಟರಿನ ಕೆಳಗೆ ಬಟ್ಟಲಿನಂಥ ಬೌಲ್ ಇರುತ್ತಲ್ಲ, ಅದರಲ್ಲಿ ನಿಂತಿರೋದು ಅಲ್ಲೇ ಇರುತ್ತೆ. ಬೈ ಟೂ ಚಹಾದಷ್ಟೂ ಇರಲ್ಲ ಅದು. ಆದರೆ ಆ ಗಾಡಿಯನ್ನು ಏಳಗೊಡದೆ ಕೂರಿಸಿದ್ದು ಅದೇ. ತಯಾರಿಕೆ 1985ಕ್ಕೆ ಶುರುವಾಗಿ 1996ಕ್ಕೆ ನಿಂತುಹೋದ ಗಾಡಿ ಸ್ವಾಮಿ. ಕಾಸು ಕೊಟ್ಟರೂ ಶೋರೂಮಿನಲ್ಲಿ ಸಿಗಲ್ಲ.

ಹೋಗಿ ನಾನೇ ಬಿಚ್ಚಿದೆ. ಬೌಲ್‌ನ ಸ್ಕ್ರೂ ತೆಗೆದ ತಕ್ಷಣ ವಾಸನೆ. ಪೆಟ್ರೋಲ್ ವಾಸನೆ ಅಲ್ಲ, ಹಳೇ ವಾರ್ನಿಶ್ ಡಬ್ಬಿ ತೆಗೆದ ಹಾಗೆ. ತಳದಲ್ಲಿ ಬೆಲ್ಲದ ಪಾಕ ಆರಿ ಗಟ್ಟಿಯಾದಂಥ ಕಂದು ಪದರ, ಉಗುರಿನಿಂದ ಕೆರೆದರೆ ಉಗುರಿಗೇ ಅಂಟಿಕೊಳ್ಳುತ್ತೆ. ಬದಿಯಲ್ಲಿ ಬಿಳಿ ಪುಡಿ, ಆ ಲೋಹಕ್ಕೆ ತೇವ ಹಿಡಿದ ಗುರುತು. ಪೈಲಟ್ ಜೆಟ್, ಅಂದ್ರೆ ನಡುವೆ ಪೆಟ್ರೋಲ್ ಹಾಯೋ ತೂತಿರೋ ಸಣ್ಣ ತಿರುಪು, ಅದನ್ನ ಬಿಚ್ಚಿ ಬೆಳಕಿಗೆ ಹಿಡಿದೆ. ಆ ತೂತು ಅರ್ಧ ಮಿಲಿಮೀಟರಿಗಿಂತ ಸಣ್ಣದು. ಚೊಕ್ಕ ಇದ್ದರೆ ಸೂಜಿ ಚುಚ್ಚಿದಷ್ಟು ಬೆಳಕು ಕಾಣಬೇಕು. ಕತ್ತಲೆ! ಗಾಡಿ ಚಾಲೂ ಆಗೋದು, ಸ್ಲೋದಲ್ಲಿ ನಿಲ್ಲೋದು ಎಲ್ಲ ಆ ತೂತಿನ ಮೇಲೆ. ಅದು ಮುಚ್ಚಿದ ಮೇಲೆ ನೀವು ಕಿಕ್ಕಾದರೂ ಹೊಡೀರಿ, ಹರಕೆಯಾದರೂ ಹೊರ್ರಿ.

ಅಳಿಯ ಪಕ್ಕದಲ್ಲಿ ನಿಂತು ಕ್ಲಚ್ ವೈರಿನ ಒಂದು ಎಳೆ ಹಿರಿದು ರೆಡಿ ಇಟ್ಟುಕೊಂಡಿದ್ದ, ಚುಚ್ಚೋಕೆ. ಕೈ ಮೇಲೆ ಹೊಡೆದೆ. ಜೆಟ್ ಹಿತ್ತಾಳೆಯದು, ವೈರು ಉಕ್ಕಿನದು. ತೂತು ಒಂದು ಕೂದಲಿನಷ್ಟು ದೊಡ್ಡದಾದರೂ ಗಾಡಿ ಜಾಸ್ತಿ ಪೆಟ್ರೋಲ್ ಕುಡಿಯೋಕೆ ಶುರು ಮಾಡುತ್ತೆ. ಕ್ಲೀನರ್ ಸ್ಪ್ರೇ ಹೊಡೆದು, ನೆನೆಯಲು ಬಿಟ್ಟು, ಗಾಳಿ ಹಾಯಿಸಬೇಕು. ಆಗಲಿಲ್ಲವೆಂದರೆ ಹೊಸ ಜೆಟ್ ಹಾಕಿ.

ಇಷ್ಟೆಲ್ಲ ಯಾಕೆ? ಹೋಗುವಾಗ ಒಂದು ಸ್ಕ್ರೂ ಸಡಿಲ ಮಾಡಿದ್ದರೆ ಮುಗೀತಿತ್ತು. ಕಾರ್ಬೋರೇಟರ್ ಖಾಲಿ ಮಾಡಿ. ಇಷ್ಟೇ ನನ್ನ ಮಾತು.

ಈಗ ಹಿಮದ ಸ್ವಾಮಿಗಳಿಗೆ ಬರೋಣ. ಹೌದು, ಆ ಕಡೆಯವರು ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಹಾಕ್ತಾರೆ, ಗಾಡಿ ಒಳಗಿಡ್ತಾರೆ. ಆದರೆ ಪೆಟ್ರೋಲ್ ಕೆಡೋದು ಚಳಿಗೆ ಅಂತ ನಿಮಗೆ ಹೇಳಿದವರು ಯಾರು? ಪೆಟ್ರೋಲಿನ ಹಗುರ ಭಾಗ ಮೊದಲು ಆರಿಹೋಗುತ್ತೆ, ಉಳಿದ ಭಾರದ ಭಾಗ ಅಂಟಾಗುತ್ತೆ. ಆರೋದು ಚಳಿಯಲ್ಲಿ ಜಾಸ್ತಿಯೋ ಸೆಕೆಯಲ್ಲಿ ಜಾಸ್ತಿಯೋ? ಹಪ್ಪಳ ಒಣಗಿಸೋ ನಿಮ್ಮ ಅವ್ವನನ್ನ ಕೇಳಿ. ನಮ್ಮ ಏಪ್ರಿಲ್ ತಿಂಗಳಲ್ಲಿ ದುರ್ಗದಬೈಲಿನಲ್ಲಿ ನಿಂತು ಮಿರ್ಚಿ ತಿಂದವರಿಗೆ ಸೆಕೆ ಅಂದ್ರೇನು ಅಂತ ನಾನು ಹೇಳಬೇಕಾ? ಅವರಿಗಿಂತ ನಮಗೇ ಇದು ಜಾಸ್ತಿ ಬೇಕು!

ಸೆಕೆ ಮುಗೀತು ಅಂದ್ರೆ ಮಿರಗದ ಮಳೆ. ಧಾರವಾಡದ ಜಿಟಿಜಿಟಿ ಶುರುವಾದರೆ ಒಗೆದ ಚಡ್ಡಿ ಮೂರು ದಿನ ಒಣಗಲ್ಲ. ಆ ತೇವದ ಗಾಳಿ ಬೌಲ್‌ನೊಳಗೂ ಹೋಗುತ್ತೆ, ಯಾಕಂದ್ರೆ ಬೌಲ್‌ಗೆ ಗಾಳಿ ಆಡೋ ದಾರಿ ಇಟ್ಟೇ ಮಾಡಿರ್ತಾರೆ. ಇದರ ಮೇಲೆ ಇ20 ಪೆಟ್ರೋಲ್. ಬೆಂಗಳೂರಿನಲ್ಲೇ 2023ರ ಫೆಬ್ರವರಿಯಲ್ಲಿ ಬಿಡುಗಡೆ ಆಯ್ತಲ್ಲ, ಅದೇ. ನೂರಕ್ಕೆ ಇಪ್ಪತ್ತು ಪಾಲು ಎಥೆನಾಲ್. ಕಬ್ಬಿನಿಂದ ತೆಗೀತಾರೆ, ಗೋವಿನಜೋಳದಿಂದಲೂ ತೆಗೀತಾರೆ. ಹಾವೇರಿ ಕಡೆ ಗೋವಿನಜೋಳ ಬೆಳೆಯೋರು ನನ್ನ ಮೇಲೆ ಸಿಟ್ಟಾಗಬೇಡಿ, ನಿಮ್ಮ ಬೆಳೆಗೆ ನಾನು ಏನೂ ಅಂತಿಲ್ಲ. ಆದರೆ ಎಥೆನಾಲ್ ಗಾಳಿಯ ನೀರು ಹೀರುತ್ತೆ. ಹೀರಿದ್ದು ಜಾಸ್ತಿ ಆದಾಗ ನೀರು, ಎಥೆನಾಲ್ ಎರಡೂ ಬೇರೆಯಾಗಿ ತಳಕ್ಕೆ ಕೂರುತ್ತವೆ. ಜೆಟ್ ಎಳೆದುಕೊಳ್ಳೋದು ಎಲ್ಲಿಂದ? ತಳದಿಂದಲೇ! ಖಾಲಿ ಮಾಡ್ರೀ ಅಂದ್ರೆ ಹಿಮ ಎಲ್ಲೈತಿ ಅಂತೀರಿ.

"ವಾರಕ್ಕೊಮ್ಮೆ ಎರಡು ನಿಮಿಷ ಚಾಲೂ ಮಾಡಿ ಇಡ್ತೀವಿ ಅಣ್ಣಾ." ಆಹಾ. ಎರಡು ನಿಮಿಷದಲ್ಲಿ ಇಂಜಿನ್ ಪೂರ್ತಿ ಬಿಸಿ ಆಗಲ್ಲ, ಸೈಲೆನ್ಸರ್ ಒಳಗೆ ನೀರು ಕೂರುತ್ತೆ, ಒಳಗಿಂದ ತುಕ್ಕು. ಸೆಲ್ಫ್ ಹೊಡೆದು ಖರ್ಚಾದಷ್ಟು ಬ್ಯಾಟರಿ ವಾಪಸ್ ತುಂಬಲ್ಲ. ಓಡಿಸೋದಾದರೆ ಉಣಕಲ್ ಕೆರೆಯ ತನಕ ಹೋಗಿ ಬನ್ನಿ, ಗಾಡಿ ನಿಲ್ಲಿಸೋ ಪ್ರಶ್ನೆಯೇ ಬರಲ್ಲ. ಇಲ್ಲವಾದರೆ ಸುಮ್ನೆ ಖಾಲಿ ಮಾಡಿ.

"ನಂದು ಎಫ್‌ಐ ಗಾಡಿ." ಎಫ್‌ಐ ಅಂದ್ರೆ ಫ್ಯುಯೆಲ್ ಇಂಜೆಕ್ಷನ್, ಪೆಟ್ರೋಲನ್ನ ಪಿಚಕಾರಿ ಹಾಗೆ ಸಿಂಪಡಿಸೋದು. ಹಾಗಾದರೆ ನಿನಗೆ ಕಾರ್ಬೋರೇಟರೇ ಇಲ್ಲ ತಮ್ಮಾ, ಈ ವಿಡಿಯೋ ಯಾಕೆ ನೋಡ್ತಿದ್ದೀಯ? ಇರಲಿ, ನೋಡು. ಪೂರ್ತಿ ನೋಡು. 2020ರ ಏಪ್ರಿಲ್‌ನಲ್ಲಿ ಬಿಎಸ್6 ಅನ್ನೋ ಹೊಗೆ ನಿಯಮ ಬಂದ ಮೇಲೆ ಹೊಸ ಗಾಡಿಗಳಲ್ಲಿ ಹೆಚ್ಚುಕಡಿಮೆ ಎಲ್ಲ ಎಫ್‌ಐ. ಅದಕ್ಕಿಂತ ಹಳೇ ಸ್ಪ್ಲೆಂಡರ್, ಪಲ್ಸರ್, ಬುಲೆಟ್ ನಮ್ಮ ಓಣಿ ಓಣಿಯಲ್ಲೂ ನಿಂತಿಲ್ವಾ?

ಕೆಲಸ ಎಷ್ಟು ಅಂತೀರಿ? ಕಾಕ್ ಬಂದ್ ಮಾಡಿ. ಗಾಡಿ ಚಾಲೂ ಇಡಿ, ಪೆಟ್ರೋಲ್ ಮುಗಿದು ತಾನೇ ಬಂದ್ ಆಗಲಿ. ಇಲ್ಲಿಗೇ ನಿಲ್ಲಿಸಬೇಡಿ, ತಳದಲ್ಲಿ ಇನ್ನೂ ಸ್ವಲ್ಪ ಇರುತ್ತೆ. ಇಂಜಿನ್ ತಣ್ಣಗಾದ ಮೇಲೆ ಬೌಲ್‌ನ ಕೆಳಗಿನ ಡ್ರೇನ್ ಸ್ಕ್ರೂ ತೆಗೆದು ಡಬ್ಬಿ ಹಿಡಿಯಿರಿ. ಹೊರಗೆ, ಗಾಳಿ ಆಡುವಲ್ಲಿ. ಬೀಡಿ ಸೇದೋ ಕಾಕಾನನ್ನ ಮೊದಲು ಚಹಾದಂಗಡಿಗೆ ಕಳಿಸಿ. ಐದು ನಿಮಿಷ! ಗಿರ್ಮಿಟ್ ಕಲಸಿ ಕೊಡೋಕೂ ಅಷ್ಟು ಹೊತ್ತು ಬೇಕು.

ಟ್ಯಾಂಕ್ ಮಾತ್ರ ತುಂಬಿಸಿ ಇಡಿ. "ಮೇಲೆ ತುಂಬು, ಕೆಳಗೆ ಖಾಲಿ ಮಾಡು, ಏನ್ ಹುಚ್ಚರೀ ಇದು" ಅಂತ ಬರೀಬೇಡಿ. ಟ್ಯಾಂಕ್ ಉಕ್ಕಿನ ತಗಡು, ಒಳಗೆ ಗಾಳಿ ಜಾಸ್ತಿ ಇದ್ದರೆ ತುಕ್ಕು. ಬ್ಯಾಟರಿ ವೈರ್ ಬಿಚ್ಚೋದು, ಡಬಲ್ ಸ್ಟ್ಯಾಂಡ್, ಇಲಿ ಹೋಗದಂತೆ ಸೈಲೆನ್ಸರ್ ಬಾಯಿಗೆ ಬಟ್ಟೆ, ಪ್ಲಾಸ್ಟಿಕ್ ಬದಲು ಹಳೇ ಹತ್ತಿ ಚಾದರ, ಇವೆಲ್ಲ ಬೇರೆ ವಿಡಿಯೋದಲ್ಲಿ ಹೇಳಿದ್ದೇನೆ. ಅದನ್ನೂ ಯಾರೂ ನೋಡಿಲ್ಲ.

ಆ ಹಳೇ ರಾಜದೂತ್ 350 ಇಟ್ಟುಕೊಂಡವರಿಗೆ ಎರಡು ಕಾರ್ಬೋರೇಟರ್. ಎರಡೂ ಖಾಲಿ ಮಾಡಿ. ಒಂದು ಮಾಡಿ ಒಂದು ಬಿಟ್ಟವರೂ ಇದ್ದಾರೆ, ನನ್ನ ಹತ್ತಿರ ಬಂದು ಒಂದೇ ಸಿಲಿಂಡರ್ ಹೊಡೀತಿದೆ ಅಂತ ಅಳ್ತಾರೆ.

ಇನ್ನು ಕಾರಣ ಹೇಳು ಅಂದ್ರೆ ನನ್ನ ಹತ್ತಿರ ಇಲ್ಲ. ಖಾಲಿ ಮಾಡಿ ಅಂದ್ರೆ ಮಾಡಿ. ನಾನೇನು ನಿಮ್ಮ ಕಿಡ್ನಿ ಕೇಳಿದ್ನಾ? ಸ್ಕ್ರೂ, ಒಂದು ಸ್ಕ್ರೂ! ಪೇಟೆಯಲ್ಲಿ ಇಪ್ಪತ್ತು ಅಂಗಡಿ ತಿರುಗಿ ಹೆಲ್ಮೆಟ್ಟಿಗೆ ಸ್ಟಿಕರ್ ಆರಿಸ್ತೀರಿ, ಒಂದು ಸ್ಕ್ರೂ ಆಗಲ್ವಾ? ಅಂದಹಾಗೆ ನಮ್ಮ ಚಾನೆಲ್ ಸ್ಟಿಕರ್ ಕೂಡ ಬಂದಿದೆ, ಅದರ ಮೇಲೆ ಏನು ಬರೆಸಿದ್ದೇನೆ ಅಂತ ಹೇಳೋದೇ ಬೇಡ.

ಇಲ್ಲಿ ಕಿಟಕಿಯಿಂದ ಎದುರುಮನೆ ಕಾಕಾನ ಸ್ಪ್ಲೆಂಡರ್ ಕಾಣ್ತಿದೆ. ಯುಗಾದಿಯಿಂದ ಅಲ್ಲೇ ನಿಂತಿದೆ, ಸೀಟಿನ ಮೇಲೆ ಬೆಕ್ಕು ಮಲಗಿದೆ. ಮೋಡ ಬೇರೆ ಕಟ್ಟಿದೆ. ತಡೀರಿ, ಸ್ಕ್ರೂಡ್ರೈವರ್ ಎಲ್ಲಿ ಇಟ್ಟೆ... ಹಾಂ, ಸಿಕ್ತು. ಕಾಕಾ! ಓ ಕಾಕಾ! ಒಂದು ಡಬ್ಬಿ ತಗೊಂಡು ಹೊರಗ ಬರ್ರಿ. ಬೀಡಿ ಒಳಗ ಇಟ್ಟು ಬರ್ರಿ!